ಇಳಿಸಿದ ಮೋಟರೇ ಎತ್ತಬೇಕು

ಅಣ್ಣ: ಮಸ್ಟ್ಯಾಂಗ್ ಕಾರಿನ ಟಾಪ್, ಆ ಮಡಚುವ ಚಾವಣಿ, ಇಳಿಸಿದ್ದು ಇಳಿಸಿದ ಹಾಗೇ ನಿಂತಿದೆ. ಮೇಲೇಳುತ್ತಿಲ್ಲ. ಸಂಜೆ ಇಲ್ಲಿ ಸ್ಯಾಕ್ರಮೆಂಟೋದಲ್ಲಿ ಮಳೆ ಅಂತಿದ್ದಾರೆ.

ಭಾವ: ಟಾಪ್ ಎತ್ತುವ ಮೋಟರ್ ಹೋಗಿದೆ. ಈಗ ಕಳಿಸಿದ ವಿಡಿಯೊ ನೋಡಿ. ಹಿಂದಿನ ಸೀಟು ಬಿಚ್ಚಿ, ಪಂಪ್ ಸಮೇತ ಹೊಸದು ಕೂರಿಸುವುದನ್ನು ಪೂರ್ತಿ ತೋರಿಸಿದ್ದಾರೆ.

ಅತ್ತಿಗೆ: ಗ್ಯಾರೇಜಿನವರೂ ಫೋನಿನಲ್ಲಿ ಅದನ್ನೇ ಹೇಳಿದರು. ಕಾರು ಮೂವರದ್ದು, ಖರ್ಚೂ ಮೂರು ಪಾಲು. ಒಪ್ಪಿದರೆ ಇವತ್ತೇ ಆರ್ಡರ್ ಮಾಡುತ್ತೇವೆ.

ನಾನು: ನಾನು ಒಪ್ಪಲ್ಲ. ಕಾರನ್ನು ನೋಡದೆ ಮೋಟರ್ ಹೋಗಿದೆ ಅಂತ ಹೇಗೆ ಹೇಳಿದರು? ಅಣ್ಣ, ಸ್ವಿಚ್ ಒತ್ತಿದರೆ ಏನು ಸದ್ದು ಬರುತ್ತೆ?

ಅಣ್ಣ: ಎತ್ತುವ ಕಡೆ ಒತ್ತಿದರೆ ಹಿಂದೆ ಎಲ್ಲೋ ಟಕ್ ಅನ್ನುತ್ತೆ, ಅಷ್ಟೇ. ಇಳಿಸುವ ಕಡೆ ಒತ್ತಿದರೆ ಗುಂಯ್ ಅನ್ನುತ್ತೆ.

ನಾನು: ಹಾಗಾದರೆ ಮೋಟರ್ ಬದುಕಿದೆ! ಎತ್ತಲು ಒಂದು, ಇಳಿಸಲು ಒಂದು ಅಂತ ಎರಡು ಮೋಟರ್ ಇಲ್ಲ. ಪ್ಲಸ್ ಮೈನಸ್ ಅದಲುಬದಲಾದರೆ ಅದೇ ಮೋಟರ್ ಉಲ್ಟಾ ತಿರುಗುತ್ತೆ. ಪಂಪೂ ಅದರ ಜೊತೆ ತಿರುಗಿ, ಟಾಪನ್ನು ತಳ್ಳುವ ಎರಡು ಬದಿಯ ಸಿಲಿಂಡರಿಗೆ ಒಮ್ಮೆ ಕೆಳಗಿನಿಂದ, ಒಮ್ಮೆ ಮೇಲಿನಿಂದ ಎಣ್ಣೆ ತಳ್ಳುತ್ತೆ. ಆ ಅದಲುಬದಲಿನ ಕೆಲಸ ಎರಡು ರಿಲೇಗಳದ್ದು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಪುಟ್ಟ ಸ್ವಿಚ್‌ಗಳದ್ದು. ಮೊದಲು ನೋಡಬೇಕಾದದ್ದು ಅವನ್ನು.

ಭಾವ: ಎತ್ತುವುದಕ್ಕೆ ಜಾಸ್ತಿ ಬಲ ಬೇಕು, ಅಲ್ವಾ? ಒಳಗೆ ಕರೆಂಟ್ ಮುಟ್ಟಿಸುವ ಬ್ರಷ್ ಸವೆದ ಮೋಟರ್ ಇಳಿಸಬಹುದು, ಎತ್ತಲಾರದು. 2001ರ ಗಾಡಿ ಇದು.

ನಾನು: ಭಾವ, ಬಲ ಸಾಲದ ಮೋಟರ್ ಸುಮ್ನೆ ಕೂರಲ್ಲ. ನರಳುತ್ತೆ, ದೀಪ ಮಂಕಾಗುತ್ತೆ. ಎಣ್ಣೆ ಕಮ್ಮಿಯಾದರೂ ಮೋಟರ್ ಕೂಗುತ್ತೆ, ಟಾಪ್ ಮಾತ್ರ ಅಲುಗಲ್ಲ. ಇಲ್ಲಿ ಮೋಟರಿನ ಸದ್ದೇ ಇಲ್ಲ ಅಂತಿದ್ದಾನೆ ಅಣ್ಣ. ಕರೆಂಟ್ ಅಲ್ಲಿಗೆ ಮುಟ್ಟುತ್ತಲೇ ಇಲ್ಲ ಅನ್ನಿಸುತ್ತೆ.

ಭಾವ: ಟಕ್ ಅನ್ನುತ್ತಿದೆಯಲ್ಲ. ಅಂದ ಮೇಲೆ ರಿಲೇ ಸರಿಯಿದೆ.

ನಾನು: ಟಕ್ ಅಂದರೆ ರಿಲೇ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ಎಳೆಯಿತು ಅಂತ ಮಾತ್ರ. ಕರೆಂಟ್ ದಾಟಿಸುವ ಪಾಯಿಂಟ್ ಸುಟ್ಟಿದ್ದರೂ ಅದೇ ಟಕ್ ಬರುತ್ತೆ.

ಅಮ್ಮ: ಮಳೆ ಬಂದರೆ ಸೀಟೆಲ್ಲ ನೆನೆಯುತ್ತಲ್ಲಪ್ಪ. ಮೊದಲು ಮುಚ್ಚುವ ದಾರಿ ನೋಡಿ.

ಅಣ್ಣ: ಟಾರ್ಪಾಲು ತೆಗೆದಿಟ್ಟಿದ್ದೇನೆ ಅಮ್ಮ. ಕೈಯಲ್ಲೇ ಎಳೆದುಬಿಡಲೇ?

ನಾನು: ಒಬ್ಬನೇ ಎಳೆಯಬೇಡ. ಒಂದೇ ಕಡೆ ಜಗ್ಗಿದರೆ ಚೌಕಟ್ಟು ಸೊಟ್ಟಗಾಗುತ್ತೆ, ಆಮೇಲೆ ಎಷ್ಟು ದುಡ್ಡು ಹಾಕಿದರೂ ಗಾಜಿನ ಅಂಚಿಗೆ ಸರಿಯಾಗಿ ಕೂರಲ್ಲ. ಈಗ ಇಷ್ಟು ಮಾಡು. ಎರಡು ರಿಲೇ ಕಿತ್ತು ಒಂದರ ಜಾಗಕ್ಕೆ ಇನ್ನೊಂದು ಹಾಕು. ಮೇಲೆ ಬರೆದ ನಂಬರ್ ಎರಡರದ್ದೂ ಒಂದೇ ಅಂತ ನೋಡಿಕೊಂಡು. ಇಂಜಿನ್ ಓಡುತ್ತಿರಲಿ, ಈ ಮೋಟರ್ ಬ್ಯಾಟರಿ ಹೀರುತ್ತೆ. ಆಮೇಲೆ ಎತ್ತುವ ಕಡೆ ಒತ್ತು.

ಅತ್ತಿಗೆ: ಅದರಿಂದಲೂ ಆಗದಿದ್ದರೆ?

ನಾನು: ಮೋಟರಿನ ಪ್ಲಗ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ, ಅತ್ತಿಗೆ. ಸ್ವಿಚ್ ಒತ್ತಿದಾಗ ಅಲ್ಲಿ 12 ವೋಲ್ಟ್ ಇದ್ದೂ, ಪ್ಲಗ್ ಹಾಕಿದ ಮೇಲೆ ಮೋಟರ್ ತಿರುಗದಿದ್ದರೆ ನನ್ನ ಪಾಲು ನಾನೇ ಮೊದಲು ಕಳಿಸುತ್ತೇನೆ.

(40 ನಿಮಿಷದ ನಂತರ)

ಅಣ್ಣ: ಎದ್ದಿತು! ಪೂರ್ತಿ ಎದ್ದಿತು. ಮುಂದಿನ ಕೊಂಡಿಗಳನ್ನೂ ಹಾಕಿದೆ. ಆದರೆ ಈಗ ಇಳಿಸುವ ಕಡೆ ಒತ್ತಿದರೆ ಬರೀ ಟಕ್.

ನಾನು: ಅದೇ ಬೇಕಿತ್ತು. ರೋಗ ರಿಲೇ ಜೊತೆಗೇ ಜಾಗ ಬದಲಿಸಿತು. ಅದೊಂದನ್ನು ಹೊಸದು ತಂದು ಹಾಕು.

ಅಣ್ಣ: ಆ ಕೆಟ್ಟ ರಿಲೇಯ ಮುಚ್ಚಳ ಬಿಚ್ಚಿದೆ, ಫೋಟೊ ನೋಡು. ಒಂದು ಪಾಯಿಂಟ್ ಹೊಳೆಯುತ್ತಿದೆ. ಇನ್ನೊಂದು ಮೆಣಸಿನ ಕಾಳಿನ ಹಾಗೆ ಕಪ್ಪಗೆ, ತರಿತರಿಯಾಗಿದೆ.

ಭಾವ: ಸರಿ, ಮೋಟರ್ ವಿಷಯ ಬಿಟ್ಟೆ. ಆದರೆ ಸೀಟಿನ ಎಡಮೂಲೆಯಲ್ಲಿ ಕಾರ್ಪೆಟ್ ಜಿಡ್ಡುಜಿಡ್ಡಾಗಿದೆ ಅಂತ ಹೋದ ವಾರ ಅವನೇ ಹೇಳಿದ್ದ. ಅದು ರಿಲೇ ಅಲ್ಲ.

ನಾನು: ಅದು ನಿಜ, ಭಾವ. ಎಡಗಡೆಯ ಸಿಲಿಂಡರಿನ ಸೀಲ್ ಸೋರುತ್ತಿರಬೇಕು. ಎಣ್ಣೆ ಇಳಿದರೆ ಆಮೇಲೆ ಈ ಒಳ್ಳೆಯ ಮೋಟರೂ ಕೆಡುತ್ತೆ. ಅಣ್ಣ, ನಾಳೆ ಬೆಳಕಿನಲ್ಲಿ ಆ ಬದಿಯ ಪ್ಯಾನೆಲ್ ತೆಗೆದು, ಸಿಲಿಂಡರಿನ ಕಡ್ಡಿಗೆ ಬಿಳಿ ಕಾಗದ ಒತ್ತಿ ನೋಡು. ಕೆಂಪು ಎಣ್ಣೆ ಅಂಟಿದರೆ ಫೋಟೊ ಕಳಿಸು. ಅಲ್ಲಿಯವರೆಗೆ ಬ್ರೇಕ್ ಆಯಿಲ್ ಮಾತ್ರ ಸುರಿಯಬೇಡ. ಇದಕ್ಕೆ ಆಟೋಮ್ಯಾಟಿಕ್ ಗೇರಿನ ಎಣ್ಣೆ.