ಒಂದೇ ಸೆಕ್ಷನ್, ಶಿಕ್ಷೆ ಯಾಕೆ ಬೇರೆ ಬೇರೆ?

ಪ್ರಶ್ನೆ (ಸುಂಟಿಕೊಪ್ಪ): ನಮಸ್ಕಾರ ಮೇಡಂ. ಪಕ್ಕದ ತೋಟದ ಕಣದಿಂದ ಕಾಫಿ ಮೂಟೆ ಕದ್ದ ಹುಡುಗನಿಗೆ ಆರು ತಿಂಗಳು ಜೈಲಾಯಿತು. ಇನ್ನೊಂದು ತಾಲ್ಲೂಕಿನಲ್ಲಿ ಅದೇ ಸೆಕ್ಷನ್‌ನಲ್ಲಿ ತಪ್ಪಿತಸ್ಥನಾದವನನ್ನು ಬಾಂಡ್ ಬರೆಸಿಕೊಂಡು ಬಿಟ್ಟರು. ಎರಡೂ ಹೋದ ವರ್ಷದ ಕಳವು. ಇಷ್ಟಕ್ಕೆ ಇಷ್ಟು ಅಂತ ಮಾರ್ಗಸೂಚಿ ಇಲ್ವಾ?

ಉತ್ತರ (ವಕೀಲೆ, ಮಡಿಕೇರಿ): ಇಲ್ಲ ಸಾರ್. ಹಳೆಯ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 303(2)ರಲ್ಲಿ ಕಳವಿಗೆ ಗರಿಷ್ಠ 3 ವರ್ಷ ಅಂತಿದೆ. ಅದರೊಳಗೆ ಎಷ್ಟು ಅನ್ನುವುದು ಮ್ಯಾಜಿಸ್ಟ್ರೇಟರ ವಿವೇಚನೆ. ಎರಡನೇ ಸಲ ತಪ್ಪಿತಸ್ಥ ಅಂತಾದರೆ ಮಾತ್ರ ಕನಿಷ್ಠ 1 ವರ್ಷ. ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿ, ಮೊದಲ ತಪ್ಪಾಗಿ, ಮಾಲು ವಾಪಸ್ ಕೊಟ್ಟರೆ ಸಮುದಾಯ ಸೇವೆ. ಆದರೆ ಈಗಿನ ಕಾಫಿ ಬೆಲೆಗೆ ಒಂದು ಮೂಟೆಯೇ ಆ ಮಿತಿ ದಾಟುತ್ತದೆ. ಕಣದ ಬದಲು ಗೋದಾಮಿನಿಂದ ಕದ್ದಿದ್ದರೆ ಸೆಕ್ಷನ್ನೇ ಬೇರೆ, 7 ವರ್ಷದವರೆಗೂ ಹೋಗಬಹುದು.

ಇಂಗ್ಲೆಂಡಿನಲ್ಲಿ ಸೆಂಟೆನ್ಸಿಂಗ್ ಕೌನ್ಸಿಲ್, ಅಂದರೆ ಶಿಕ್ಷೆಯ ಮಾರ್ಗಸೂಚಿ ರೂಪಿಸುವ ಮಂಡಳಿ, ಇದೆ. ಎಷ್ಟು ಹಾನಿಯಾಯಿತು, ಆರೋಪಿಯ ಹೊಣೆ ಎಷ್ಟು ಅಂತ ತೂಗಿ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಅದರ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮಲ್ಲೂ ಬೇಕು ಅಂತ 2003ರಲ್ಲೇ ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗೆ ಕೇಂದ್ರ ನೇಮಿಸಿದ್ದ ನ್ಯಾಯಮೂರ್ತಿ ಮಳಿಮಠ ಸಮಿತಿ ಹೇಳಿತ್ತು. 2013ರಲ್ಲಿ ಸುಪ್ರೀಂ ಕೋರ್ಟೂ ಈ ಕೊರತೆಯನ್ನು ಎತ್ತಿ ಹೇಳಿತು. 2024ರಲ್ಲಿ ಹೊಸ ಸಂಹಿತೆ ಜಾರಿಗೆ ಬಂದಾಗಲೂ ಅದು ಸೇರಲಿಲ್ಲ. ನನಗೆ ಇದು ನಿಜಕ್ಕೂ ಸಂಕಟದ ವಿಷಯ, ಏಕೆಂದರೆ ಪೆಟ್ಟು ಬೀಳುವುದು ಪರವಾಗಿ ಮಾತಾಡುವವರಿಲ್ಲದ ಬಡವರಿಗೆ.

ತಪ್ಪಿತಸ್ಥ ಅಂತ ತೀರ್ಮಾನವಾದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯ ಮಾತು ಕೇಳಬೇಕು ಅಂತ ಕಾನೂನಿದೆ. ಎಷ್ಟೋ ಸಲ ಅಲ್ಲಿ "ಕರುಣೆ ತೋರಿಸಿ ಸ್ವಾಮಿ" ಅನ್ನುವಷ್ಟಕ್ಕೇ ಮುಗಿಯುತ್ತದೆ. ವಯಸ್ಸು, ಹಿಂದೆ ಕೇಸಿಲ್ಲ ಅನ್ನುವುದು, ದುಡಿಮೆ, ಮನೆ ಪರಿಸ್ಥಿತಿ, ಇವನ್ನೆಲ್ಲ ದಾಖಲೆ ಸಮೇತ ಇಡಬೇಕು. ಅಂದ ಹಾಗೆ, ಹುಡುಗನ ವಯಸ್ಸೆಷ್ಟು?

ಪ್ರಶ್ನೆ (ಸುಂಟಿಕೊಪ್ಪ): ಇಪ್ಪತ್ತು ಮೇಡಂ. ತೋಟದ ಕಾರ್ಮಿಕರ ಲೈನ್ ಮನೆಯವರು, ಅಮ್ಮ ಒಬ್ಬರೇ.

ಉತ್ತರ: ಹಾಗಾದರೆ ತಪ್ಪಿತಸ್ಥರನ್ನು ಜೈಲಿಗೆ ಕಳಿಸದೆ ಬಾಂಡ್ ಮೇಲೆ ಬಿಡಲು ಅವಕಾಶ ಕೊಡುವ 1958ರ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ 6ನೇ ಸೆಕ್ಷನ್ ನೋಡಬೇಕು. 21 ತುಂಬದವರನ್ನು ಇಂಥ ಕೇಸಿನಲ್ಲಿ ಜೈಲಿಗೆ ಕಳಿಸುವುದಾದರೆ, ಬಿಡಲು ಯಾಕೆ ಆಗದು ಅಂತ ಕೋರ್ಟು ಕಾರಣ ಬರೆಯಲೇಬೇಕು. ತೀರ್ಪಿನಲ್ಲಿ ಆ ಕಾರಣ ಇಲ್ಲದಿದ್ದರೆ ಅಪೀಲಿಗೆ ಗಟ್ಟಿ ಆಧಾರ.

ಪ್ರಶ್ನೆ (ಗೋಣಿಕೊಪ್ಪ): ಬೆಳೆಗಾರನ ನಷ್ಟ ಯಾರು ಕೇಳ್ತಾರೆ ಅಕ್ಕಾ?

ಉತ್ತರ: ನ್ಯಾಯವಾದ ಪ್ರಶ್ನೆ ಅಣ್ಣ. ದಂಡದ ಹಣದಿಂದ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಸರ್ಕಾರಿ ವಕೀಲರ ಮೂಲಕ ಲೆಕ್ಕ ಕೊಟ್ಟು ಕೇಳಿ.

ಸುಂಟಿಕೊಪ್ಪದವರೇ, ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಲು 30 ದಿನ ಅಷ್ಟೇ. ಅವರಮ್ಮನಿಗೆ ತೀರ್ಪಿನ ಪ್ರತಿ, ಹುಡುಗನ ಶಾಲಾ ದಾಖಲೆ ತೆಗೆದುಕೊಂಡು ಮಡಿಕೇರಿಯ ಕಾನೂನು ಸೇವಾ ಪ್ರಾಧಿಕಾರಕ್ಕೆ ನಾಳೆಯೇ ಹೋಗಲು ಹೇಳಿ. ವಕೀಲರ ಫೀಸು ಕೊಡಬೇಕಿಲ್ಲ.