ಪದ ಬೇಕು, ತುರ್ತು: ಕೇಕಿನ ‘ಕ್ರಂಬ್ ಕೋಟ್’ಗೆ ಕನ್ನಡದಲ್ಲಿ ಏನನ್ನೋಣ?

ಶಿವಮೊಗ್ಗದಿಂದ

ಎಲ್ಲರಿಗೂ ನಮಸ್ಕಾರ. ಮಹಿಳಾ ಸ್ವಸಹಾಯ ಗುಂಪುಗಳ ಬೇಕರಿ ತರಬೇತಿಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ 10ಕ್ಕೆ ಅಚ್ಚಿಗೆ ಹೋಗಬೇಕು. ಫಾಂಡೆಂಟ್, ಅಂದರೆ ಲಟ್ಟಿಸಿದ ಸಕ್ಕರೆ ಹಾಳೆ, ಹೊದಿಸುವ ಮೊದಲು ಕೇಕನ್ನು ಅಣಿ ಮಾಡುವ ಅಧ್ಯಾಯದಲ್ಲಿ ಒಂದು ಪದಕ್ಕೆ ಸಿಕ್ಕಿಬಿದ್ದಿದ್ದೇನೆ.

ಸಂದರ್ಭ ಹೀಗೆ. 8 ಇಂಚಿನ ಸ್ಪಾಂಜ್ ಪೂರ್ತಿ ಆರಿದ ಮೇಲೆ ಉಬ್ಬಿದ ತಲೆಯನ್ನು ಹಲ್ಲಿನ ಚಾಕುವಿನಿಂದ ಕೊಯ್ದು ಮಟ್ಟ ಮಾಡಿ, 2 ಸೆಂ.ಮೀ. ದಪ್ಪದ ಪದರಗಳಾಗಿ ಸೀಳುವುದು. ಸಕ್ಕರೆ, ನೀರು ಸಮಸಮ ಹಾಕಿ ಕಾಯಿಸಿ ಆರಿಸಿದ ಪಾಕವನ್ನು ಪ್ರತಿ ಪದರಕ್ಕೂ ಸವರುವುದು. ಅಂಚಿನ ಸುತ್ತ ಗಟ್ಟಿ ಬಟರ್‌ಕ್ರೀಮಿನ (ಬೆಣ್ಣೆ, ಸಕ್ಕರೆ ಬೆರೆಸಿದ ಕ್ರೀಮು) ಉಂಗುರ ಹಿಂಡಿ, ಅದರೊಳಗೆ ಜಾಮ್ ತುಂಬುವುದು. ಪದರಗಳನ್ನು ಪೇರಿಸಿದ ಮೇಲೆ ಇಡೀ ಕೇಕಿಗೆ ತೆಳ್ಳಗೆ ಒಂದು ಸುತ್ತು ಬಟರ್‌ಕ್ರೀಮ್ ಬಳಿದು ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು. ಈ ತೆಳು ಸುತ್ತೇ ಕ್ರಂಬ್ ಕೋಟ್. ಕೊಯ್ದ ಮೈಯಿಂದ ಉದುರುವ ಹುಡಿ ಅದರಲ್ಲಿ ಸಿಕ್ಕಿ ಗಟ್ಟಿಯಾದರೆ ಮೇಲಿನ ದಪ್ಪ ಸುತ್ತು ಚೊಕ್ಕವಾಗಿ ಬರುತ್ತದೆ.

ಕರಡಿನಲ್ಲಿ ‘ತುಣುಕು ಲೇಪನ’ ಎಂದಿದೆ. ತುಣುಕುಗಳಿಗೆ ಮಾಡುವ ಲೇಪನ ಎಂದೋ, ತುಣುಕುಗಳದೇ ಲೇಪನ ಎಂದೋ ಓದಿಕೊಳ್ಳುತ್ತಾರೆ. ಎರಡೂ ತಪ್ಪು. ಆ ಕ್ರೀಮಿನ ಉಂಗುರಕ್ಕೂ ಒಂದು ಪದ ಕೊಡಿ. ಇಂಗ್ಲಿಷಿನವರು ಅದನ್ನು ಅಣೆಕಟ್ಟು ಅಂತಾರೆ.

ತೀರ್ಥಹಳ್ಳಿಯಿಂದ

ಲೇಪನ ಬೇಡವೇ ಬೇಡ. ‘ಸಾರಣೆ’ ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು? ನೆಲ ಸಾರಿಸುವುದು, ಗೋಡೆ ಸಾರಿಸುವುದು ಇವತ್ತಿಗೂ ಬಾಯಲ್ಲಿರುವ ಮಾತು. ಡಂಗುರ ಸಾರುವುದೂ ಹತ್ತಿರ ಸಾರುವುದೂ ಬೇರೆ ಬೇರೆ, ಅವನ್ನು ಇಲ್ಲಿಗೆ ಎಳೆಯಬೇಡಿ. ಕ್ರಂಬ್ ಕೋಟ್ ‘ಮೊದಲ ಸಾರಣೆ’, ಮೇಲಿನದು ‘ಕೊನೆ ಸಾರಣೆ’.

ಉಂಗುರಕ್ಕೆ ‘ಬದು’. ಗದ್ದೆಯ ನೀರು ಪಕ್ಕದ ಗದ್ದೆಗೆ ಹರಿಯದಂತೆ ತಡೆಯುವುದೂ ಬದುವೇ, ಜಾಮ್ ಹೊರಗೆ ಜಾರದಂತೆ ತಡೆಯುವುದೂ ಬದುವೇ. ಅಣೆಕಟ್ಟು ಅಷ್ಟು ಸಣ್ಣ ಕೆಲಸಕ್ಕೆ ಭಾರವಾಯಿತು. ಒಳಗೆ ತುಂಬುವುದು ಹೂರಣ, ಅದರಲ್ಲಿ ಚರ್ಚೆಯೇ ಇಲ್ಲ.

ಹೊಸನಗರದಿಂದ

ಬದು, ಹೂರಣ ಎರಡೂ ಒಪ್ಪಿಗೆ. ಸಾರಣೆ ಒಪ್ಪಿಗೆ ಇಲ್ಲ, ಕೆಲಸವೇ ಬೇರೆ. ಸಾರಿಸುವುದು ನೀರು ನೀರಾದ ಬಗ್ಗಡವನ್ನು, ಅಂಗೈಯಲ್ಲಿ, ಮೇಲೆ ಮೇಲೆ. ಕ್ರಂಬ್ ಕೋಟಿಗೆ ಬೇಕಾದ್ದು ಪ್ಯಾಲೆಟ್ ನೈಫಿಗೆ, ಅಂದರೆ ಬಳಿಯುವ ಚಪ್ಪಟೆ ಚಾಕುವಿಗೆ, ಅಂಟಿ ನಿಲ್ಲುವ ಕ್ರೀಮು: 250 ಗ್ರಾಂ ಬೆಣ್ಣೆಗೆ 500 ಗ್ರಾಂ ಐಸಿಂಗ್ ಸಕ್ಕರೆ. ಅದನ್ನು ಸ್ಪಾಂಜಿನ ತೂತುಗಳಿಗೂ ಪದರಗಳ ಸಂದಿಗೂ ಒತ್ತಿ ತುಂಬಬೇಕು. ಆಮೇಲೆ ಕೇಕಿನ ಮೈ ಅಲ್ಲಲ್ಲಿ ಕಾಣುವಷ್ಟು ತೆಳ್ಳಗಾಗುವವರೆಗೆ ತಿರುಗುಮಣೆ ತಿರುಗಿಸುತ್ತ ಸ್ಕ್ರೇಪರಿನಿಂದ ಕೆರೆದು ತೆಗೆಯಬೇಕು. ಇದು ಗಾರೆಯವರು ಇಟ್ಟಿಗೆ ಗೋಡೆಗೆ ಹಾಕುವ ಮೊದಲ ಒರಟು ಗಿಲಾವು. ‘ತೆಳು ಗಿಲಾವು’ ಎನ್ನಿ, ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕೈಪಿಡಿಯಲ್ಲಿ ಇದನ್ನೂ ಸೇರಿಸಿ, ಪದಕ್ಕಿಂತ ಮುಖ್ಯ: ಕ್ರಂಬ್ ಕೋಟಿನ ಕ್ರೀಮನ್ನು ಬೇರೆ ಬಟ್ಟಲಿಗೆ ತೆಗೆದುಕೊಳ್ಳಬೇಕು. ಹುಡಿ ಹತ್ತಿದ ಚಾಕುವನ್ನು ದೊಡ್ಡ ಬಟ್ಟಲಿಗೆ ಒಂದು ಸಲ ಅದ್ದಿದರೂ ಕೊನೆ ಸುತ್ತಿನ ಕ್ರೀಮೆಲ್ಲ ಹಾಳು. ಕೇಕಿನ ಬಣ್ಣದ ಚುಕ್ಕೆಗಳು ಬಿಳಿ ಮೈಯಲ್ಲಿ ಎದ್ದು ಕಾಣುತ್ತವೆ. ಮೇಲೆ ಫಾಂಡೆಂಟ್ ಹೊದಿಸಿದರೆ ಬಣ್ಣ ಮುಚ್ಚಬಹುದು, ಗಂಟು ಮುಚ್ಚುವುದಿಲ್ಲ. 3 ಮಿ.ಮೀ. ಹಾಳೆಯಡಿ ಒಂದು ಹುಡಿ ಇದ್ದರೂ ಮೊಡವೆಯ ಹಾಗೆ ಕಾಣುತ್ತದೆ.

ತೀರ್ಥಹಳ್ಳಿಯಿಂದ

ಗಿಲಾವು ಪಾರಸಿ. ಅಲ್ಲಿ ಗಿಲ್ ಎಂದರೆ ಮಣ್ಣು, ಆಬ್ ಎಂದರೆ ನೀರು. ತಿನ್ನುವ ಪದಾರ್ಥಕ್ಕೆ ಕೆಸರಿನ ಹೆಸರು ಬೇಡ.

ಹೊಸನಗರದಿಂದ

ಸಾರಣೆಯನ್ನು ಯಾವುದರಲ್ಲಿ ಮಾಡುತ್ತಿದ್ದರು ಅಂತ ನೀವೇ ನೆನಪು ಮಾಡಿಕೊಳ್ಳಿ, ಸ್ವಾಮಿ. ಸಗಣಿ ನಡೆಯುತ್ತದೆ, ಮಣ್ಣು ನಡೆಯುವುದಿಲ್ಲವೇ?

ಸಾಗರದಿಂದ

ಇಬ್ಬರೂ ಸ್ವಲ್ಪ ನಿಲ್ಲಿ. ಪದ ಬೇಕಾಗಿರುವುದು ಕಲಿಯುವವರಿಗೆ. ‘ತೆಳು’ ಎಂದರೆ ಎಷ್ಟು ಬಳಿಯಬೇಕು ಅಂತ ಮಾತ್ರ ತಿಳಿಯುತ್ತದೆ, ಯಾಕೆ ಅಂತ ತಿಳಿಯುವುದಿಲ್ಲ. ಯಾಕೆ ಅಂತ ಗೊತ್ತಿಲ್ಲದವರೇ ಫ್ರಿಜ್ಜಿನ ಅರ್ಧ ಗಂಟೆಯನ್ನು ಬಿಟ್ಟುಬಿಡುವುದು. ಬೆರಳಿಟ್ಟರೆ ಕ್ರೀಮು ಅಂಟಬಾರದು, ಅಲ್ಲಿಯವರೆಗೆ ಕಾಯಬೇಕು. ಮೆತ್ತಗಿರುವಾಗಲೇ ಎರಡನೆಯ ಸುತ್ತು ಬಳಿದರೆ ಮೊದಲನೆಯದು ಹುಡಿ ಸಮೇತ ಕಿತ್ತು ಬರುತ್ತದೆ.

ಸಾರಣೆಯ ಪರವಾಗಿ ನನ್ನದೊಂದು ಮಾತು. ಅದು ಒಂಟಿ ಪದವಲ್ಲ, ‘ಸಾರಣೆ-ಕಾರಣೆ’ ಎಂಬ ಜೋಡಿ. ಮೊದಲು ಮೈ ಸಾರಿಸುವುದು, ಆಮೇಲೆ ಅಲಂಕಾರ. ನಮ್ಮ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವಾಗ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದು ಒಣಗಿದ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುತ್ತಾರೆ. ಸಾರಣೆ ಒಣಗದೆ ಗೆರೆ ನಿಲ್ಲುವುದಿಲ್ಲ. ಚಿತ್ತಾರಕ್ಕೆ ಮೈ ಅಣಿ ಮಾಡುವುದು ಎಂಬ ಅರ್ಥ ಸಾರಣೆಯಲ್ಲಿ ಆಗಲೇ ಇದೆ, ಗಿಲಾವಿನಲ್ಲಿ ಇಲ್ಲ.

ಯಾಕೆ ಎಂಬುದೂ ಪದದಲ್ಲೇ ಬರಬೇಕೆಂದರೆ ‘ಹುಡಿಗಟ್ಟು ಸಾರಣೆ’ ಆಗಬಹುದೇ?

ತೀರ್ಥಹಳ್ಳಿಯಿಂದ

ಆಗದು. ಹೆಪ್ಪುಗಟ್ಟು, ಸಾಲುಗಟ್ಟು, ಗುಂಪುಗಟ್ಟು ನೋಡಿ: ಪೂರ್ವಪದವೇ ‘ಆಗುವುದು’. ಹುಡಿಗಟ್ಟು ಎಂದರೆ ಹುಡಿಯಾಗಿ ಗಂಟುಕಟ್ಟುವುದು ಎಂದಾಗುತ್ತದೆ, ಹುಡಿಯನ್ನು ಕಟ್ಟಿಹಾಕುವುದು ಎಂದಲ್ಲ.

ಭದ್ರಾವತಿಯಿಂದ

ಹುಡಿ ನಿಮ್ಮ ಘಟ್ಟದ ಮಾತು. ನಮ್ಮಲ್ಲಿ ಪುಡಿ. ಕೈಪಿಡಿ ಇಡೀ ಜಿಲ್ಲೆಗಲ್ಲವೇ?

ತೀರ್ಥಹಳ್ಳಿಯಿಂದ

ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪುಡಿ ಹುಡಿಯಾಯಿತು. ಹುಡಿಯೇ ನಿಯಮಕ್ಕೆ ಸರಿಯಾದ ರೂಪ. ಪುಡಿಯಲ್ಲಿ ಹಳಗನ್ನಡದ ಪಕಾರ ಹಾಗೇ ಉಳಿದುಕೊಂಡಿದೆ. ಘಟ್ಟದ ಮಾತು ಎಂದು ತಳ್ಳಿಹಾಕಬೇಡಿ.

ಇದು ಹೇಗೂ ತೀರ್ಮಾನವಾಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ‘ಫಾಂಡೆಂಟ್’. ಫ್ರೆಂಚಿನಲ್ಲಿ ಅದರ ಅರ್ಥ ‘ಕರಗುವ’. ಸಕ್ಕರೆ ಪಾಕವನ್ನು ಮೆತ್ತನೆ ಉಂಡೆಯ ಹದಕ್ಕೆ ಕಾಯಿಸಿ, ಆರಿಸಿ, ಬೆಳ್ಳಗಾಗುವವರೆಗೆ ತಿಕ್ಕಿ ಮಾಡುವ ಮಿಠಾಯಿಗೆ ಆ ಹೆಸರು ಸರಿ, ಬಾಯಲ್ಲಿ ಕರಗುತ್ತದೆ. ಲಟ್ಟಿಸಿ ಹೊದಿಸುವ ಹಾಳೆ ಕರಗುವುದೇ ದೋಷ! ಅಲ್ಲಿಯೇ ತಪ್ಪಾದ ಹೆಸರನ್ನು ನಾವು ಯಾಕೆ ಹೊರಬೇಕು? ನಾದುತ್ತೇವೆ, ಲಟ್ಟಣಿಗೆಯಲ್ಲಿ ಲಟ್ಟಿಸುತ್ತೇವೆ, ಹೊದಿಸುತ್ತೇವೆ. ಒಳಗಿನದು ಹೂರಣವಾದರೆ ಹೊರಗಿನದು ‘ಸಕ್ಕರೆ ಕಣಕ’.

ಭದ್ರಾವತಿಯಿಂದ

ಮರಾಠಿಯ ಕಣೀಕ್ ಎಂದರೆ ಗೋಧಿಹಿಟ್ಟು. ಪಂಜಾಬಿಯ ಕಣಕ್ ಎಂದರೆ ಗೋಧಿಯೇ. ಫಾಂಡೆಂಟಿನಲ್ಲಿ ಗೋಧಿ ಎಲ್ಲಿದೆ?

ಹೊಸನಗರದಿಂದ

ಫಾಂಡೆಂಟನ್ನು ಮುಟ್ಟಬೇಡಿ. ಗಾಂಧಿ ಬಜಾರಿಗೆ ಹೋಗಿ ಸಕ್ಕರೆ ಕಣಕ ಕೊಡಿ ಎಂದರೆ ಯಾರು ಕೊಡುತ್ತಾರೆ? ಡಬ್ಬಿಯ ಮೇಲಿರುವ ಹೆಸರೇ ಕಲಿಯುವವರಿಗೆ ಬೇಕು. ಚಾವಿ, ಅಲಮಾರು ಪೋರ್ಚುಗೀಸರಿಂದ ಬಂದವು, ಯಾರ ಮನೆಯೂ ಕೆಟ್ಟಿಲ್ಲ. ಕೇಕು, ಕ್ರೀಮು, ಫಾಂಡೆಂಟು: ಕೊನೆಗೆ ಉಕಾರ ಹತ್ತಿ ವಿಭಕ್ತಿ ಒಪ್ಪಿದರೆ ಅದು ನಮ್ಮದೇ. ಆದರೆ ಕ್ರಂಬ್ ಕೋಟ್ ಒಂದು ಕೆಲಸದ ಹೆಸರು, ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಕೆಲಸಕ್ಕೆ ನಮ್ಮ ಪದ ಹುಡುಕುವುದರಲ್ಲಿ ಅರ್ಥವಿದೆ.

ಕರಗುವ ಮಾತು ಬಂತಲ್ಲ, ಅದನ್ನು ದಪ್ಪಕ್ಷರದಲ್ಲಿ ಹಾಕಿ. ವಿಪ್ಪಿಂಗ್ ಕ್ರೀಮಿನ ಮೇಲೆ ಫಾಂಡೆಂಟ್ ಹೊದಿಸಬಾರದು. ಕ್ರೀಮಿನ ನೀರನ್ನು ಸಕ್ಕರೆ ಹೀರಿಕೊಂಡು ಹಾಳೆ ಜಾರುತ್ತದೆ, ಹರಿಯುತ್ತದೆ. ಬಟರ್‌ಕ್ರೀಮ್ ಆಗಬೇಕು, ಇಲ್ಲವೇ ಗನಾಶ್. ಗನಾಶ್ ಆದರೆ ಕಪ್ಪು ಚಾಕೊಲೇಟ್ ಎರಡು ಪಾಲಿಗೆ ಕ್ರೀಮ್ ಒಂದು ಪಾಲು, ಬಿಳಿ ಚಾಕೊಲೇಟಿಗೆ ಮೂರಕ್ಕೆ ಒಂದು. ಗಟ್ಟಿಯಾದ ಗನಾಶಿಗೆ ಹಾಳೆ ತಾನಾಗಿ ಅಂಟುವುದಿಲ್ಲ, ಕುಂಚದಲ್ಲಿ ಪಾಕವನ್ನು ತೆಳ್ಳಗೆ ಸವರಿಕೊಳ್ಳಬೇಕು.

ಮಳೆಗಾಲದ ಮಾತನ್ನೂ ಬರೆಯಿರಿ. ಆಗುಂಬೆ, ಹೊಸನಗರದ ಥಂಡಿಯಲ್ಲಿ ಫ್ರಿಜ್ಜಿನಿಂದ ತೆಗೆದ ಫಾಂಡೆಂಟ್ ಕೇಕು ಗಳಿಗೆಯಲ್ಲಿ ಬೆವರುತ್ತದೆ. ಇಡಲೇಬೇಕಾದರೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ ಇಡಿ. ಹೊರತೆಗೆದ ಮೇಲೆ ಒಳಗಿನ ತಣ್ಪು ಇಳಿಯುವವರೆಗೆ ಪೆಟ್ಟಿಗೆ ತೆರೆಯಬೇಡಿ, ನೀರು ರಟ್ಟಿನ ಮೇಲೆ ಕೂರಲಿ. ಬೆವರಿದರೆ ಬಟ್ಟೆಯಲ್ಲಿ ಒರೆಸಬಾರದು, ಗುರುತು ಉಳಿಯುತ್ತದೆ. ಫ್ಯಾನಿನ ಗಾಳಿಗೆ ಬಿಟ್ಟರೆ ಒಣಗುತ್ತದೆ.

ಶಿವಮೊಗ್ಗದಿಂದ

ಎಲ್ಲರಿಗೂ ಋಣಿ. ಹೊತ್ತಾಯಿತು, ಹೀಗೆ ಮುಗಿಸುತ್ತಿದ್ದೇನೆ: ಮೊದಲ ಸಲ ಬರುವಲ್ಲಿ ‘ಹುಡಿ ಹಿಡಿಯುವ ಮೊದಲ ಸಾರಣೆ’, ಆಮೇಲೆ ಬರೀ ‘ಮೊದಲ ಸಾರಣೆ’. ಮೇಲಿನದು ‘ಕೊನೆ ಸಾರಣೆ’. ಫಾಂಡೆಂಟ್ ಹಾಗೇ ಇರಲಿ. ಭದ್ರಾವತಿಯವರಿಗಾಗಿ ಒಂದು ಕಡೆ ‘ಹುಡಿ ಅಥವಾ ಪುಡಿ’ ಎಂದು ಬರೆದಿದ್ದೇನೆ. ಪುಟದ ಸಾಲುಗಳು:

“ಪದರದ ಅಂಚಿನಿಂದ ಅರ್ಧ ಇಂಚು ಒಳಗೆ ಬದು ಹಾಕಿ. ಬದುವಿನ ಎತ್ತರ ಮೀರದಂತೆ ಹೂರಣ ತುಂಬಿ. ಹೂರಣ ಮೀರಿದರೆ ಮೇಲಿನ ಪದರದ ಭಾರಕ್ಕೆ ಪಕ್ಕದಲ್ಲಿ ಹೊಟ್ಟೆ ಬರುತ್ತದೆ. ಪೇರಿಸಿದ ಕೇಕನ್ನು ಕೆಲವು ಗಂಟೆ ಕೂರಲು ಬಿಟ್ಟು, ಆಮೇಲೆ ಮೊದಲ ಸಾರಣೆ ಮಾಡಿ. ಬೆರಳಿಗೆ ಅಂಟದಷ್ಟು ಗಟ್ಟಿಯಾದ ಮೇಲೆ ಕೊನೆ ಸಾರಣೆ. 8 ಇಂಚು ಅಗಲ, 4 ಇಂಚು ಎತ್ತರದ ಕೇಕಿಗೆ ಫಾಂಡೆಂಟನ್ನು 17 ಇಂಚು ಅಗಲಕ್ಕೆ, 3ರಿಂದ 4 ಮಿ.ಮೀ. ದಪ್ಪಕ್ಕೆ ಲಟ್ಟಿಸಿ. ಮುಕ್ಕಾಲರಿಂದ ಒಂದು ಕೆ.ಜಿ. ಬೇಕು. ಮಣೆಗೆ ಕಾರ್ನ್‌ಫ್ಲೋರ್ ಹೆಚ್ಚಾದರೆ ಹಾಳೆ ಒಣಗಿ ಅಂಚಿನಲ್ಲಿ ಬಿರುಕು ಬಿಡುತ್ತದೆ. ಹೊದಿಸುವಾಗ ತಲೆಯಿಂದ ಶುರುಮಾಡಿ ಕೆಳಕ್ಕೆ ಸವರುತ್ತ ಬನ್ನಿ. ನೆರಿಗೆ ಬಿದ್ದರೆ ಅದುಮಬೇಡಿ, ಹಾಳೆಯ ಅಂಚನ್ನು ಹೊರಕ್ಕೆ ಎತ್ತಿ ಬಿಡಿಸಿ.”

ತೀರ್ಥಹಳ್ಳಿಯಿಂದ

ಫಾಂಡೆಂಟಿಗೆ ನನ್ನ ಒಪ್ಪಿಗೆ ಇಲ್ಲ, ಬರೆದಿಟ್ಟುಕೊಳ್ಳಿ. ಮತ್ತೆ, ‘ಬದು ಹಾಕಿ’ ಎಂದು ಬರೆದಿದ್ದೀರಿ. ‘ಬದು ಕಟ್ಟಿ’ ಎಂದು ತಿದ್ದಿ ಅಚ್ಚಿಗೆ ಕಳಿಸಿ.