ಪಾರ್ಕಿಂಗ್ ಜಾಗದ ಲೆವೆಲ್‌ಗೆ ಟಾಲರೆನ್ಸ್ ಎಷ್ಟಿಡೋದು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ಪಾರ್ಕಿಂಗ್ ಜಾಗಕ್ಕೆ ಡಾಂಬರು ಹಾಕೋ ಕೆಲಸ ನಡೀತಿದೆ. ಲೆವೆಲ್ ಚೆಕ್ ಮಾಡೋದು ನನ್ನ ತಲೆಗೆ ಬಂದಿದೆ. ಡ್ರಾಯಿಂಗ್‌ನಲ್ಲಿ ಇಳಿಜಾರು ಶೇ. 1, ಚೇಂಬರ್ (ನೀರು ಇಳಿದು ಹೋಗೋ ಗುಂಡಿ) ಹತ್ರ ಮಾತ್ರ ಶೇ. 0.5. ಟಾಲರೆನ್ಸ್, ಅಂದ್ರೆ ಡ್ರಾಯಿಂಗ್‌ನ ಎತ್ತರಕ್ಕಿಂತ ಎಷ್ಟು ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ ಅನ್ನೋದು, ±10 ಮಿ.ಮೀ. ಅಂತಷ್ಟೇ ಬರೆದು ಕೈ ತೊಳ್ಕೊಂಡಿದ್ದಾರೆ.

ಡಾಂಬರಿನ ಮೊದಲ ಪದರ ಆದ್ಮೇಲೆ 5 ಮೀಟರ್‌ಗೊಂದು ಪಾಯಿಂಟ್ ಹಿಡಿದು ಆಟೋ ಲೆವೆಲ್‌ನಲ್ಲಿ (ಎತ್ತರ ಅಳೆಯೋ ದುರ್ಬೀನಿನ ಉಪಕರಣ) ನೋಡ್ದೆ. ಎಲ್ಲಾ ±10ರ ಒಳಗೇ ಇದೆ. ಖುಷಿಯಾಗಿ ನೀರು ಬಿಟ್ರೆ, ಚೇಂಬರ್‌ಗೆ ಎರಡು ಹೆಜ್ಜೆ ದೂರದಲ್ಲೇ ಚಾಪೆ ಅಗಲ ನಿಂತುಬಿಡ್ತು! 3 ಮೀಟರ್ ಉದ್ದದ ನೇರ ಪಟ್ಟಿ ಇಟ್ಟು ನೋಡಿದ್ರೆ ಅಡೀಲಿ 9 ಮಿ.ಮೀ. ಸಂದು. ಚೇಂಬರ್ ಫ್ರೇಮೂ ಸುತ್ತಲಿನ ಡಾಂಬರಿಗಿಂತ 4 ಮಿ.ಮೀ. ಮೇಲಿದೆ.

ನನ್ನ ಗೊಂದಲ ಇಲ್ಲೇ. ಶೇ. 0.5 ಅಂದ್ರೆ 3 ಮೀಟರ್‌ಗೆ ಇಳಿಯೋದೇ 15 ಮಿ.ಮೀ. ಮೇಲಿನ ಪಾಯಿಂಟ್ 10 ತಗ್ಗಾಗಿ, ಕೆಳಗಿನದು 10 ಉಬ್ಬಿದ್ರೆ ನೀರು ವಾಪಸ್ ಹರಿಯುತ್ತೆ, ಆದ್ರೂ ಎರಡೂ ಪಾಸ್! ಕಂಟ್ರಾಕ್ಟರ್ "ಮೇಲಿನ ಪದರದಲ್ಲಿ ಸರಿ ಹೋಗುತ್ತೆ ಬಿಡಿ" ಅಂತಾರೆ. ತಗ್ಗಲ್ಲಿ ದಪ್ಪ ಹಾಕಿದ ಡಾಂಬರು ರೋಲರ್ ಕೆಳಗೆ ಅಷ್ಟೇ ಜಾಸ್ತಿ ಕುಗ್ಗುತ್ತಲ್ವಾ, ನಂಗಂತೂ ನಂಬಿಕೆ ಇಲ್ಲ.

ಹಾಗಾಗಿ ±10 ಹಾಗೇ ಇಟ್ಟು, 3 ಮೀಟರ್ ಪಟ್ಟಿ ಕೆಳಗೆ ಗರಿಷ್ಠ 6 ಮಿ.ಮೀ. ಅಂತ ಸೇರಿಸಿದ್ರೆ ಸಾಕಾ? ಅಥವಾ ಚೇಂಬರ್ ಸುತ್ತ ಪ್ಲಸ್ಸೇ ಬೇಡ, ಮೈನಸ್ ಮಾತ್ರ ಅಂತ ಬೇರೆ ನಿಯಮ ಬರೀಬೇಕಾ? ಬರೆಯೋದಾದ್ರೆ ಚೇಂಬರ್‌ನಿಂದ ಎಷ್ಟು ಮೀಟರ್ ದೂರದವರೆಗೆ, ಎಷ್ಟು ಮಿ.ಮೀ.? ಸೈಟಲ್ಲಿ ಮಾಡಿ ನೋಡಿದವರು ಹೇಳಿ.